ಅಮ್ಮ, ಭಾಮೈದ, ಒಂದು ಪಟ್ಟಿ: ಹಾಸನ ಸೀಮೆಯಲ್ಲಿ ನಾಲ್ಕು ದಿನ

ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಏಳುವ ಶೆಟ್ಟಿಹಳ್ಳಿ ಚರ್ಚ್ ನೋಡಬೇಕು ಅಂತ ಅಮ್ಮ ಹೇಳಲು ಶುರು ಮಾಡಿ ಹತ್ತು ವರ್ಷವಾದರೂ ಆಗಿತ್ತು. ಪ್ರತಿ ಸಲ ಏನಾದರೂ ಅಡ್ಡ ಬರುತ್ತಿತ್ತು. ಒಮ್ಮೆ ನನ್ನ ರಜೆ, ಒಮ್ಮೆ ಅವಳ ಮಂಡಿ, ಇನ್ನೊಮ್ಮೆ ನೀರು. 2024ರ ಮಾರ್ಚ್‌ನಲ್ಲಿ ಮೂರೂ ಕೂಡಿ ಬಂದವು. ನಾನು ಬ್ಯಾಂಕಿನಿಂದ ನಿವೃತ್ತನಾಗಿದ್ದೆ. ಮಂಡಿಗೆ ಬೆಲ್ಟ್ ಬಂದಿತ್ತು. ಹಿಂದಿನ ವರ್ಷ ಮಳೆ ಕೈಕೊಟ್ಟು ಹೇಮಾವತಿ ಹಿನ್ನೀರು ಇಳಿದುಹೋಗಿತ್ತು.

ಕಾರು ಓಡಿಸಲು ಭಾಮೈದ ಬಂದ. ಅವನು ಸುಮ್ನೆ ಬರುವ ಆಸಾಮಿ ಅಲ್ಲ. ಮೈಸೂರಿನಲ್ಲಿ ಒಂದು ಪಕ್ಷದ ವಾರ್ಡು ಮಟ್ಟದ ಕಾರ್ಯಕರ್ತ. ಏಪ್ರಿಲ್ 26ಕ್ಕೆ ಲೋಕಸಭೆ ಓಟು. ಹೊರಡುವ ಹಿಂದಿನ ರಾತ್ರಿ ಟೈರಿಗೆ ಗಾಳಿ ಹಾಕಿಸಿಕೊಂಡು ಬಂದವನು ಚಪ್ಪಲಿ ಬಿಡುತ್ತಾ ಹೇಳಿದ: "ಭಾವ, ನಿಮ್ಮ ಧರ್ಮಕೇಂದ್ರದ ಕುಟುಂಬಗಳ ಪಟ್ಟಿ ಇದೆಯಲ್ಲ, ಫೋನ್ ನಂಬರ್ ಸಮೇತ, ಅದರದ್ದೊಂದು ಕಾಪಿ ಬೇಕಿತ್ತು."

ಧರ್ಮಕೇಂದ್ರ ಅಂದರೆ ನಮ್ಮ ಚರ್ಚು, ಅದಕ್ಕೆ ಸೇರಿದ ಕುಟುಂಬಗಳು. ಅದರ ಪಾಲನಾ ಸಮಿತಿಗೆ ನಾನು ಕಾರ್ಯದರ್ಶಿ. ಪಟ್ಟಿ ನನ್ನ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. "ಊರಿಂದ ಬಂದ ಮೇಲೆ ನೋಡೋಣ" ಅಂದೆ. ಅಲ್ಲೇ ಆಗಲ್ಲ ಅನ್ನಬೇಕಿತ್ತು. ಯಾಕೆ ಅನ್ನಲಿಲ್ಲ ಅನ್ನೋದು ಶನಿವಾರದ ಕಥೆ.

ನನ್ನ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ. ನಾನು ಹಳೇ ಕಾಲದ ಕಥೋಲಿಕ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರ ಮಾಂಸ ಮುಟ್ಟಲ್ಲ. ಸಂಜೆಯ ಜಪಸರ ತಪ್ಪಿಸಲ್ಲ. ಗರ್ಭಪಾತ ಪಾಪ ಅಂತ ನಂಬಿದವನು, ಕಟ್ಟಿದ ಮದುವೆ ಮುರಿಯಬಾರದು ಅಂತಲೂ ನಂಬಿದವನು. ಮನೆಯ ಹುಡುಗರು ನಗ್ತಾರೆ. ನಗಲಿ.

ಗುರುವಾರ

ಮೈಸೂರು ಬಿಟ್ಟಾಗ ಏಳೂಕಾಲು. ಹಾಸನಕ್ಕೆ ನೇರ ದಾರಿ ಬಿಳಿಕೆರೆ, ಹೊಳೆನರಸೀಪುರದ ಮೇಲೆ. ನಾವು ಶ್ರವಣಬೆಳಗೊಳ ನೋಡಿಕೊಂಡು ಹೋಗೋಣ ಅಂತ ಶ್ರೀರಂಗಪಟ್ಟಣದ ಕಡೆ ತಿರುಗಿದೆವು.

ಶ್ರೀರಂಗಪಟ್ಟಣ ದಾಟುವಾಗ ನನಗೆ ಅಬ್ಬೆ ದುಬಾಯ್ ನೆನಪಾಗುತ್ತಾರೆ. 1799ರಲ್ಲಿ ಟಿಪ್ಪು ಸತ್ತ ನಂತರ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ. ಈ ನಾಡಿನವರ ಹಾಗೆ ಬಟ್ಟೆ ಉಟ್ಟರು, ಮಾಂಸ ಬಿಟ್ಟರು. ಜನ ದೊಡ್ಡ ಸ್ವಾಮಿಯವರು ಅಂತ ಕರೆದರು. ಸಿಡುಬಿನ ಲಸಿಕೆ ಆಗಷ್ಟೇ ಬಂದಿತ್ತು. 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನಕ್ಕೆ ಅದನ್ನು ಹಾಕಿಸಿದರು. ಹಾಸನದ ಹತ್ತಿರ ಕ್ರೈಸ್ತ ರೈತರಿಗೆ ಬೇಸಾಯ ಮಾಡಿಕೊಂಡಿರಲು ನೆಲೆ ಮಾಡಿಕೊಟ್ಟರು. ಮೂವತ್ತು ವರ್ಷ ಈ ದೇಶದಲ್ಲಿದ್ದು 1823ರಲ್ಲಿ ಪ್ಯಾರಿಸ್‌ಗೆ ವಾಪಸ್ ಹೋದರು. ಹೋಗಿ ಬರೆದದ್ದು ಏನು ಗೊತ್ತಾ? ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ, ಅಂತ.

ಇದನ್ನು ಹೇಳಿದ್ದೇ ತಡ, ಭಾಮೈದ ಸ್ಟೀರಿಂಗ್ ತಟ್ಟಿದ. "ನೋಡಿ ಭಾವ, ದೊಡ್ಡ ಸ್ವಾಮಿಗಳೇ 200 ವರ್ಷದ ಹಿಂದೆ ಕೈಚೆಲ್ಲಿದ್ರು. ಇವರು ಅದಕ್ಕೊಂದು ಕಾಯ್ದೆ ತಂದ್ರು!"

ಕಾಯ್ದೆ ಅಂದರೆ ಮತಾಂತರ ನಿಷೇಧ ಕಾಯ್ದೆ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನಕ್ಕೆ ಬಂತು. 2022ರ ಮೇನಲ್ಲಿ ಸುಗ್ರೀವಾಜ್ಞೆ ಆಯಿತು, ಸೆಪ್ಟೆಂಬರ್‌ನಲ್ಲಿ ಪರಿಷತ್ತೂ ಒಪ್ಪಿತು. ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಜೂನ್‌ನಲ್ಲಿ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ಭಾಮೈದನಿಗೆ ಇದೇ ದೊಡ್ಡ ಅಸ್ತ್ರ. "ಇಷ್ಟು ಮಾಡಿದ್ಮೇಲೂ ನಮ್ಮವರು ಯೋಚನೆ ಮಾಡ್ಬೇಕಾ?"

ನನಗೆ ಆ ಕಾಯ್ದೆ ಬೇಡವೇ ಬೇಡ. ಆದರೆ ಅವನು ಹೇಳುವ ಕಾರಣಕ್ಕಲ್ಲ. ಅಕ್ಕಿ ಮೂಟೆ ತೋರಿಸಿ ಕರೆತಂದವನು ಕ್ರೈಸ್ತನಲ್ಲ, ಗಿರಾಕಿ. ಅಂಥ ವ್ಯಾಪಾರ ಮಾಡುವವರು ನಮ್ಮಲ್ಲೂ ಇದ್ದಾರೆ, ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಒಬ್ಬ ಮನುಷ್ಯ ರಾತ್ರಿ ಎದ್ದು ಕೂತು, ಅತ್ತು, ದೇವರ ಕಡೆ ತಿರುಗಿದ ಅಂತಿಟ್ಟುಕೊಳ್ಳಿ. ಅವನು 30 ದಿನ ಮುಂಚೆ ಡಿಸಿ ಆಫೀಸಿನ ಟಪಾಲು ವಿಭಾಗಕ್ಕೆ ಹೋಗಿ ಸೀಲು ಹಾಕಿಸಿಕೊಂಡು ಬರಬೇಕಾ? 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ನಾವು ನೂರಕ್ಕೆ 1.87. ಇಷ್ಟು ಜನಕ್ಕೆ ಹೆದರಬೇಕಾ ಅನ್ನೋದು ಬೇರೆ ಪ್ರಶ್ನೆ.

"ಅದನ್ನೇ ನಾನೂ ಹೇಳ್ತಿರೋದು" ಅಂದ ಭಾಮೈದ. ಅವನು ಯಾವಾಗಲೂ ಅದನ್ನೇ ಹೇಳುತ್ತಿರುತ್ತಾನೆ, ನೀವು ಏನು ಹೇಳಿದರೂ.

ಕೆ.ಆರ್. ಪೇಟೆ ದಾಟಿದ ಮೇಲೆ ಚುನಾವಣೆ ಚೆಕ್‌ಪೋಸ್ಟ್. ಶಾಮಿಯಾನ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಕ್ಯಾಮೆರಾ ಹಿಡಿದ ಒಬ್ಬ ಹುಡುಗ. ಡಿಕ್ಕಿ ತೆಗೆಸಿದರು. ಅಮ್ಮ ನೆಂಟರಿಗೆ ಅಂತ ತಂದಿದ್ದ ಸೀರೆ ಆರು, ಒಂದೇ ಥರದ ಕವರಿನಲ್ಲಿ. ಅಧಿಕಾರಿ ಒಂದು ಕವರ್ ಎತ್ತಿ ಹಿಡಿದರು. "ಯಾವ ಪಕ್ಷದ್ದು ಸಾರ್ ಇದು?"

ಭಾಮೈದನ ಮುಖ ಬಿಳುಚಿತು. ಡ್ಯಾಶ್‌ಬೋರ್ಡಿನಲ್ಲಿ ಅವನ ಪಕ್ಷದ ಶಾಲು ಮಡಚಿಕೊಂಡು ಕೂತಿತ್ತು! ಅಮ್ಮ ಕಿಟಕಿ ಇಳಿಸಿದಳು. "ಚಿಕ್ಕಮಗಳೂರಲ್ಲಿ ನನ್ನ ತಂಗಿ ಇದಾಳಪ್ಪ. ಅವಳಿಗೆ ಮೂವರು ಸೊಸೆಯರು, ಇಬ್ಬರು ಹೆಣ್ಣುಮಕ್ಕಳು. ಎಣಿಸ್ಕೋ." ಅವರು ನಿಜವಾಗಿಯೂ ಬೆರಳು ಮಡಚಿ ಎಣಿಸಿದರು. ಬಿಲ್ ಕೇಳಿದರು, ಇತ್ತು. 50 ಸಾವಿರಕ್ಕಿಂತ ಜಾಸ್ತಿ ನಗದು ಇದೆಯಾ ಅಂತ ಕೇಳಿ ಬಿಟ್ಟರು.

ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತುವ ಮಾತಿರಲಿಲ್ಲ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಕಾದ ಬಂಡೆ, ಅಮ್ಮನ ಮಂಡಿ. ಕೆಳಗಿನಿಂದಲೇ ಬೆಟ್ಟಕ್ಕೊಂದು ನೋಟ ಹಾಕಿ ಊರೊಳಗಿನ ಭಂಡಾರಿ ಬಸದಿಗೆ ಹೋದೆವು. ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ್ದು. ಬ್ಯಾಂಕಿನವನಾದ ನನಗೆ ಭಂಡಾರಿ ಅನ್ನೋ ಹೆಸರೇ ಖುಷಿ.

ನಾನು ಬಂದಿದ್ದು ಅಲ್ಲಿನ ಬುಕ್ಕರಾಯನ ಶಾಸನಕ್ಕೆ. 1368ನೇ ಇಸವಿ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಿದ್ದು, ಜೈನರು ವಿಜಯನಗರದ ಅರಸನ ಹತ್ತಿರ ದೂರು ಒಯ್ದರು. ಬುಕ್ಕ ಎರಡೂ ಕಡೆಯ ಹಿರಿಯರನ್ನು ಕರೆಸಿ, ವೈಷ್ಣವರ ಕೈಯಲ್ಲಿ ಜೈನರ ಕೈ ಹಿಡಿಸಿ, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಅಂದ. ಅಲ್ಲಿಗೇ ಮುಗಿಸಲಿಲ್ಲ. ಜೈನರು ಮನೆಗೊಂದರಂತೆ ವರ್ಷಕ್ಕೊಂದು ಹಣ (ಆಗಿನ ನಾಣ್ಯ) ಕೊಡಬೇಕು, ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ವೈಷ್ಣವರೇ ನೇಮಿಸಬೇಕು, ಮಿಕ್ಕಿದ್ದರಲ್ಲಿ ಬಸದಿಗಳಿಗೆ ಸುಣ್ಣ ಬಳಿಸಬೇಕು. ಈ ಸುಣ್ಣದ ಮಾತು ನನಗೆ ಬಹಳ ಹಿಡಿಸಿತು. ಸೌಹಾರ್ದ ಅಂತ ಭಾಷಣ ಮಾಡುವವರು ಸುಣ್ಣದ ಖರ್ಚು ಯಾರದ್ದು ಅಂತ ಹೇಳುವುದಿಲ್ಲ. ಈ ಅರಸ ಹೇಳಿದ್ದ.

ಭೇದವಿಲ್ಲ ಅನ್ನುವ ಮಾತನ್ನು ನಾನು ಹಾಗೇ ಒಪ್ಪಲಾರೆ. ನನಗೆ ಭೇದ ಇದೆ. ಯೇಸುಸ್ವಾಮಿಯೇ ದಾರಿ ಅಂತ ನಂಬಿದವನು ನಾನು, ಎಲ್ಲವೂ ಒಂದೇ ಅಂದರೆ ಅದು ನನ್ನ ಮಟ್ಟಿಗೆ ಸುಳ್ಳು. ಪಕ್ಕದ ಬಸದಿಯ ಜೈನರಿಗೂ ಭೇದ ಗೊತ್ತಿತ್ತು, ಅದಕ್ಕೇ ಅಲ್ವಾ ಜಗಳ ಆಗಿದ್ದು! ಆದರೆ ಅರಸನ ಕಣ್ಣಿಗೆ ಭೇದ ಇರಬಾರದು. ಆ ಶಾಸನವನ್ನು ನಾನು ಓದಿಕೊಳ್ಳುವುದು ಹೀಗೆ.

ರಾತ್ರಿ ಹಾಸನ. ಹಾಸನಾಂಬೆ ಗುಡಿ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ ಮಾತ್ರ ತೆಗೆಯುವುದು. ಬೀದಿಯಲ್ಲಿ ಸುಮ್ನೆ ಒಂದು ಸುತ್ತು ಹಾಕಿ, ಇಡ್ಲಿ ತಿಂದು ಮಲಗಿದೆವು.

ಶುಕ್ರವಾರ

ಗೊರೂರಿನ ದಾರಿ ಹಿಡಿದು ಶೆಟ್ಟಿಹಳ್ಳಿ ತಲುಪಿದಾಗ ಇನ್ನೂ ಎಂಟೂವರೆ ಆಗಿರಲಿಲ್ಲ. ದೂರದಿಂದಲೇ ಕಂಡಿತು. ಬಯಲಿನ ನಡುವೆ ಸೂರಿಲ್ಲದ ಗೋಡೆ, ಚೂಪು ಕಮಾನುಗಳು. ನೀರು ಎಷ್ಟೋ ದೂರ ಸರಿದಿತ್ತು. ಸುತ್ತ ಹುಲ್ಲು, ದನ, ಒಣಗಿ ಬಿರುಕು ಬಿಟ್ಟ ಮಣ್ಣು.

1860ರ ಹೊತ್ತಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಜಪಸರ ಮಾತೆಯ ದೇವಾಲಯ ಇದು. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ದರು ಅಂತ ಊರವರು ಹೇಳುತ್ತಾರೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿಗೆ ಊರುಗಳು ಖಾಲಿಯಾದವು, ಚರ್ಚ್ ಮಾತ್ರ ನಿಂತಿತು. ಅಂದಿನಿಂದ ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ.

ಅಮ್ಮ ಕಾರಿನಿಂದ ಇಳಿದವಳು ಚಪ್ಪಲಿ ಬಿಟ್ಟಳು. "ಮುಳ್ಳಿದೆ ಕಣಮ್ಮ" ಅಂದೆ. ಕೇಳಲಿಲ್ಲ.

ಒಳಗೆ ಹೋದರೆ ಹೊಗೆ! ಕೆಂಪು ಹೊಗೆ. ಮದುವೆಗೆ ಮುಂಚಿನ ಫೋಟೋಶೂಟ್ ನಡೆದಿತ್ತು. ಹುಡುಗಿ ಉದ್ದ ಕೆಂಪು ಗೌನ್ ಹಾಕಿದ್ದಳು. ಅದರ ಬಾಲ ಹಿಡಿಯಲು ಒಬ್ಬ, ಹೊಗೆ ಬಿಡಲು ಇನ್ನೊಬ್ಬ. ಹುಡುಗ ಬಲಿಪೀಠ ಇದ್ದ ಜಾಗದಲ್ಲಿ ಒಂದು ಕಾಲು ಎತ್ತಿಟ್ಟು ನಿಂತಿದ್ದ. ಗೋಡೆ ತುಂಬ ಹೆಸರುಗಳು, ಬಾಣ ಚುಚ್ಚಿದ ಹೃದಯಗಳು. ಮೂಲೆಯಲ್ಲಿ ಬಿಯರ್ ಬಾಟಲಿ. ನನ್ನ ಪಿತ್ತ ನೆತ್ತಿಗೇರಿತು. ಇವರ ಮನೆ ದೇವರ ಗುಡಿಯಲ್ಲಿ ಹೀಗೆ ಮಾಡ್ತಾರಾ ಅಂತ ಕೇಳಲು ಹೊರಟೆ. ಬಾಯಿಗೆ ಬಂದಿತ್ತು.

ಅಷ್ಟರಲ್ಲಿ ಅಮ್ಮ ಕೋಲೂರಿಕೊಂಡು ನೇರ ಹುಡುಗಿಯ ಹತ್ತಿರ ಹೋದಳು.

"ಮದುವೆ ಆಯ್ತೇನಮ್ಮ?"

"ಇಲ್ಲ ಅಜ್ಜಿ, ಮುಂದಿನ ತಿಂಗಳು."

"ನಂದು ಇಲ್ಲೇ ಆಗಿದ್ದು."

ಆ ಹುಡುಗಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಗೌನ್ ಎತ್ತಿಕೊಂಡು ಬದಿಗೆ ಸರಿದಳು. ಹೊಗೆಯವನು ಹೊಗೆ ಆರಿಸಿದ. ಹುಡುಗ ಕಾಲು ಇಳಿಸಿದ.

ಅಮ್ಮ ಕೋಲಿನಿಂದ ಕಮಾನು ಎಣಿಸತೊಡಗಿದಳು. ಬಲಿಪೀಠದ ಕಡೆಯಿಂದ ಒಂದು, ಎರಡು, ಮೂರು. ಮೂರನೆಯದರ ಎಡಕ್ಕೆ ನಿಂತಳು. ಅದು ಹೆಂಗಸರ ಕಡೆ. ಆಗ ಬೆಂಚು ಇರಲಿಲ್ಲವಂತೆ, ಎಲ್ಲರೂ ನೆಲದ ಮೇಲೆ, ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ಅವಳು ಅಲ್ಲಿ ಕೂರಲು ಹೋದಳು. ಮಂಡಿ ಬಗ್ಗಲಿಲ್ಲ. ಫೋಟೋದವನು ತನ್ನ ಕ್ಯಾಮೆರಾ ಪೆಟ್ಟಿಗೆ ತಂದಿಟ್ಟ. ಅದರ ಮೇಲೆ ಕೂತಳು.

"ಪೂಜೆಯೆಲ್ಲ ಲ್ಯಾಟಿನ್ನು. ನಮಗೆ ಒಂದಕ್ಷರ ಗೊತ್ತಿಲ್ಲ. ಸ್ವಾಮಿಗಳು ಬೆನ್ನು ಹಾಕಿ ನಿಂತೋರು ಆಗಾಗ ತಿರುಗಿ 'ದೋಮಿನುಸ್ ವೋಬಿಸ್ಕುಮ್' ಅನ್ನೋರು."

ಭಾಮೈದ ಕೇಳಿದ, "ನೀವೇನು ಅಂತಿದ್ರಿ ಅಮ್ಮ?"

"ಎತ್ ಕುಮ್ ಸ್ಪಿರಿತು ತುವೊ." ತಡವರಿಸದೆ ಬಂತು. 1962ರಲ್ಲಿ ಅವಳ ಮದುವೆ. ಅದೇ ವರ್ಷ ರೋಮಿನಲ್ಲಿ ಜಗತ್ತಿನ ಕಥೋಲಿಕ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಶುರುವಾಯಿತು. ಅದು ಮುಗಿಯುವ ಹೊತ್ತಿಗೆ ಪೂಜೆ ಆಯಾ ಊರಿನ ಭಾಷೆಗೆ ಬರಲು ದಾರಿಯಾಯಿತು. ಮಾರನೇ ವರ್ಷ, 1963ರಲ್ಲಿ, ಈ ಸೀಮೆ ಮೈಸೂರಿನಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ, ಅಂದರೆ ಅಲ್ಲಿನ ಬಿಷಪ್ಪರ ಆಡಳಿತಕ್ಕೆ, ಸೇರಿತು. ಇಷ್ಟೆಲ್ಲ ಬದಲಾಗುವ ಮುಂಚೆ ಇಲ್ಲಿ ತಾಳಿ ಕಟ್ಟಿಸಿಕೊಂಡವಳು ಇವಳು. ನನ್ನಂಥ ಸಂಪ್ರದಾಯಸ್ಥರಲ್ಲಿ ಕೆಲವರಿಗೆ ಆ ಲ್ಯಾಟಿನ್ ವಾಪಸ್ ಬೇಕು. ನನಗೆ ಬೇಡ. ಕನ್ನಡದಲ್ಲಿ ಬೈದುಕೊಳ್ಳುವವನು ಕನ್ನಡದಲ್ಲೇ ಕ್ಷಮೆ ಕೇಳಬೇಕು.

"ಊರು ಮುಳುಗ್ತದೆ ಅಂದಾಗ ನಿಮ್ಮಪ್ಪ ಏನಂದ್ರು?" ಅಂತ ಕೇಳಿದೆ.

"ಏನಂತಾರೆ? ಮೊದಲು ಅತ್ರು. ಆಮೇಲೆ, ಕೆಳಗಿನೋರಿಗೂ ನೀರು ಬೇಕಲ್ಲ ಅಂದ್ರು. ಹಸು ಬರಲ್ಲ ಅಂತ ಹಠ ಮಾಡ್ತು. ಅದನ್ನ ಎಳ್ಕೊಂಡು ಹೋಗಿದ್ದೇ ದೊಡ್ಡ ಕೆಲಸ."

ಇವತ್ತು ಒಂದು ಚರ್ಚ್, ಒಂದು ಗುಡಿ, ಒಂದು ದರ್ಗಾ ಮುಳುಗಿಸುತ್ತೇವೆ ಅಂತ ಸರ್ಕಾರ ಬಾಯಿ ಬಿಡಲಿ ನೋಡೋಣ. ರಸ್ತೆ ಬಂದ್ ಆಗುತ್ತದೆ. ತಾತನ ಕಾಲದ ಬಡ ರೈತರಿಗೆ ಕೂಗುವ ತಾಕತ್ತೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಅದನ್ನು ತ್ಯಾಗ ಅಂತ ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಆದರೂ ಆ "ಕೆಳಗಿನೋರಿಗೂ" ಅನ್ನೋ ಮಾತಿದೆಯಲ್ಲ, ಅದು ಆ ಬಡವರ ಬಾಯಲ್ಲೇ ಬಂದಿದ್ದು.

ಹೊರಡುವಾಗ ಹುಡುಗಿ ಅಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡಳು. ಆ ಮದುವೆ ಆಲ್ಬಮ್ಮಿನಲ್ಲಿ ಕೋಲು ಹಿಡಿದ, ಬರಿಗಾಲಿನ ಒಬ್ಬ ಕ್ರೈಸ್ತ ಮುದುಕಿ ಇರುತ್ತಾಳೆ.

ಮಧ್ಯಾಹ್ನ ದಾರಿಯ ಒಂದು ಮೆಸ್ಸಿನಲ್ಲಿ ಭಾಮೈದ ಮೀನು ಫ್ರೈ ಹೇಳಿದ. "ಶುಕ್ರವಾರ ಮೀನಿಗೆ ಅಡ್ಡಿ ಇಲ್ಲ ಅಂತ ಧರ್ಮಸಭೆಯೇ ಹೇಳಿದೆ" ಅಂದ. ಹೇಳಿದೆ, ನಿಜ. ಮೂರು ಪ್ಲೇಟ್ ತಿನ್ನು ಅಂತ ಹೇಳಿಲ್ಲ.

ಶನಿವಾರ

ಬೇಲೂರಿಗೆ ಹತ್ತು ಗಂಟೆಗೆ ಬಂದೆವು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ. ರಾಮಾನುಜರ ಪ್ರಭಾವದಿಂದ ಅರಸ ವೈಷ್ಣವನಾದ ಅನ್ನುತ್ತಾರೆ. ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು, ಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಯಾರಾದರೂ ಯಾರಿಗಾದರೂ 30 ದಿನದ ನೋಟಿಸ್ ಕೊಟ್ಟರು ಅನ್ನುವ ಶಾಸನ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೆತ್ತನೆ ಬಗ್ಗೆ ನಾನು ಬರೆಯುವುದು ಬೇಡ. ಬರೆದವರು ಸಾವಿರ ಜನ ಇದ್ದಾರೆ. ನನಗೆ ಗುಡಿಯೊಳಗೆ ಬರುವ ಕಷ್ಟ ಬೇರೆ. ಚಪ್ಪಲಿ ಬಿಡುತ್ತೇನೆ, ಸದ್ದು ಮಾಡುವುದಿಲ್ಲ, ಅರ್ಚಕರಿಗೆ ಕೈ ಮುಗಿಯುತ್ತೇನೆ. ತೀರ್ಥ, ಕುಂಕುಮ ತೆಗೆದುಕೊಳ್ಳುವುದಿಲ್ಲ. ಅದು ಅವಮಾನ ಅಲ್ಲ. ನಂಬದೇ ತೆಗೆದುಕೊಂಡರೆ ಅದು ಅವಮಾನ ಅಂತ ನನ್ನ ಲೆಕ್ಕ. ಭಾಮೈದನಿಗೆ ಈ ತೊಡಕಿಲ್ಲ. ಕುಂಕುಮ ಇಟ್ಟುಕೊಂಡು, ತೀರ್ಥ ಕುಡಿದು, ಗರುಡನ ಪಕ್ಕ ಸೆಲ್ಫಿ ತೆಗೆದು ಗುಂಪಿಗೆ ಕಳಿಸಿದ. ಫೆಬ್ರವರಿಯಲ್ಲಿ ಅದೇ ಹಣೆಯ ಮೇಲೆ, ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರದ ಬೂದಿ ಇತ್ತು. ಓಟಿನ ಕಾಲದಲ್ಲಿ ಅವನ ಹಣೆ ಒಂದು ಸರ್ವಧರ್ಮ ಸಮ್ಮೇಳನ.

ಈ ಊರಿನ ತೇರಿನ ದಿನ ಕುರಾನ್ ಓದುವ ಪದ್ಧತಿ ಇದೆ. ಇತ್ತೀಚೆಗೆ ಅದು ಬೇಡ ಅನ್ನುವ ಗಲಾಟೆಯೂ ಎದ್ದಿದೆ. ಓದುವ ಮೌಲ್ವಿ ಅಲ್ಲಿ ವೈಷ್ಣವನಾಗಿ ನಟಿಸುವುದಿಲ್ಲ, ತೇರು ಎಳೆಯುವವರು ಮುಸ್ಲಿಮರಾಗಿ ನಟಿಸುವುದಿಲ್ಲ. ಅವರವರ ಕೆಲಸ ಅವರವರು ಮಾಡಿ ಮನೆಗೆ ಹೋಗುತ್ತಾರೆ. ನನಗೆ ಆ ಪದ್ಧತಿ ಅರ್ಥವಾಗುತ್ತದೆ. ಸೆಲ್ಫಿ ಅರ್ಥವಾಗುವುದಿಲ್ಲ.

ಚಿಕ್ಕಮಗಳೂರಿನ ದಾರಿಯಲ್ಲಿ ಅವನು ಮತ್ತೆ ಪಟ್ಟಿಯ ಮಾತೆತ್ತಿದ. "ನಿಮ್ಮಂಥ ಕಟ್ಟಾ ಕ್ರೈಸ್ತರು ಯಾವ ಪಕ್ಷಕ್ಕೂ ಇಲ್ಲ ಅಂದ್ರೆ ಹೆಂಗೆ ಭಾವ?"

ಹೌದು, ಅದೇ ನನ್ನ ಕಷ್ಟ. ನನಗೆ ಮುಖ್ಯ ಅನ್ನಿಸುವುದು ಯಾವ ಪ್ರಣಾಳಿಕೆಯಲ್ಲಿದೆ? ಗರ್ಭಪಾತದ ಕಾನೂನು 1971ರದ್ದು. 2021ರಲ್ಲಿ ಕೆಲವು ಸಂದರ್ಭಗಳಿಗೆ 24 ವಾರದವರೆಗೆ ಹಿಗ್ಗಿಸಿದರು. ನಮ್ಮ ಓಟು ಕೇಳಲು ಬರುವವರಲ್ಲಿ ಒಬ್ಬರಾದರೂ ಅದರ ಬಗ್ಗೆ ಮಾತಾಡಿದ್ದು ನಾನು ಕೇಳಿಲ್ಲ. ಇನ್ನು ದಲಿತ ಕ್ರೈಸ್ತರ ವಿಷಯ. 1950ರ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸಿಕ್ಕಿತು. ನಮ್ಮವರಿಗೆ ಪ್ರತಿ ಚುನಾವಣೆಯಲ್ಲೂ ಭರವಸೆ. ಒಬ್ಬರು ನಮ್ಮನ್ನು ಬೈದು ಓಟು ತಗೋತಾರೆ, ಇನ್ನೊಬ್ಬರು ನಮ್ಮನ್ನು ಹೆದರಿಸಿ ಓಟು ತಗೋತಾರೆ.

"ಹೆದರಿಕೆ ಸುಳ್ಳಾ ಭಾವ? 2008 ಮರೆತುಹೋಯ್ತಾ?"

ಮರೆತಿಲ್ಲ. ಸೆಪ್ಟೆಂಬರ್ 14, ಭಾನುವಾರ. ಮಂಗಳೂರು, ಉಡುಪಿ, ಈ ಚಿಕ್ಕಮಗಳೂರು ಜಿಲ್ಲೆಯಲ್ಲೂ ಪ್ರಾರ್ಥನಾಲಯಗಳಿಗೆ ನುಗ್ಗಿದ್ದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಐದು ಕಿಲೋಮೀಟರ್ ಯಾರೂ ಮಾತಾಡಲಿಲ್ಲ.

ಚಿಕ್ಕಮ್ಮನ ಮನೆಯಲ್ಲಿ ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ಸೀರೆ ಹಂಚಿಕೆ ಆಯಿತು. ಮಾತೆಲ್ಲ ಕಾಫಿ ರೇಟಿನದ್ದು. ರೊಬಸ್ಟಾ ಹಿಂದೆಂದೂ ಕಾಣದ ದರಕ್ಕೆ ಏರಿತ್ತು, ಹೂಮಳೆ ಮಾತ್ರ ಬಂದಿರಲಿಲ್ಲ. ಯಾರು ಗೆಲ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ಪಾಪ, ಭಾಮೈದನಿಗೆ ಊಟ ಸೇರಲಿಲ್ಲ.

ಅವನೇ ಕೆದಕಿದ ಮೇಲೆ ಚಿಕ್ಕಮ್ಮ 1978ಕ್ಕೆ ಹೋದರು. ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟು ಇಂದಿರಾ ಗಾಂಧಿ ಇಲ್ಲಿ ನಿಂತ ಉಪಚುನಾವಣೆ. ಎದುರಿಗೆ ವೀರೇಂದ್ರ ಪಾಟೀಲ್. ಪಾಟೀಲರ ಪರ ಓಡಾಡಲು ಬಂದವರಲ್ಲಿ ಜಾರ್ಜ್ ಫರ್ನಾಂಡಿಸ್ ಒಬ್ಬರು. ಮಂಗಳೂರಿನ ಕಥೋಲಿಕ ಮನೆಯ ಹುಡುಗ, ಪಾದ್ರಿಯಾಗಲಿ ಅಂತ ಬೆಂಗಳೂರಿನ ಗುರುಮಠಕ್ಕೆ ಕಳಿಸಿದರೆ ಬಿಟ್ಟು ಓಡಿಹೋಗಿ ಕಾರ್ಮಿಕ ನಾಯಕನಾದವರು.

"ನಿಮ್ಮ ಚಿಕ್ಕಪ್ಪ ಜಾರ್ಜ್ ನಮ್ಮೋನು ಅಂತ ಆ ಕಡೆ. ನಾನು ಇಂದಿರಮ್ಮನ ಕಡೆ. ಮೂರು ದಿನ ಮಾತು ಬಿಟ್ಟಿದ್ವಿ" ಅಂದರು ಚಿಕ್ಕಮ್ಮ. ಇಂದಿರಾ 70 ಸಾವಿರಕ್ಕೂ ಹೆಚ್ಚು ಓಟಿನಲ್ಲಿ ಗೆದ್ದರು. ಡಿಸೆಂಬರ್‌ನಲ್ಲೇ ಲೋಕಸಭೆ ಅವರನ್ನು ಹೊರಗೆ ಹಾಕಿತು. "ಅಷ್ಟಕ್ಕೆ ಮೂರು ದಿನ ಅನ್ನ ಉಪ್ಪಿಲ್ಲದೆ ತಿಂದ್ವಿ."

ನಮ್ಮೋನು ಅನ್ನೋ ಮಾತಿಗೆ ನನಗೆ 1999 ನೆನಪಾಯಿತು. ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಜೀಪಿನಲ್ಲಿ ಮಲಗಿದ್ದಾಗ ಸುಟ್ಟರು. ವಿಚಾರಿಸಲು ಹೋದ ಕೇಂದ್ರ ಮಂತ್ರಿಗಳಲ್ಲಿ ಇದೇ ಜಾರ್ಜ್ ಇದ್ದರು. ಇದರಲ್ಲಿ ಅಂತರರಾಷ್ಟ್ರೀಯ ಪಿತೂರಿ ಇದೆ ಅಂದರು. ಸ್ಟೇನ್ಸ್ ಹೆಂಡತಿ ಗ್ಲ್ಯಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಅಂದರು. ಇವರಿಬ್ಬರಲ್ಲಿ ನಮ್ಮೋರು ಯಾರು ಅಂತ ನಾನು ಯಾರನ್ನೂ ಕೇಳಬೇಕಿಲ್ಲ.

ಸಂಜೆ ಸಂತ ಜೋಸೆಫರ ಪ್ರಧಾನಾಲಯದಲ್ಲಿ ಪಾಪನಿವೇದನೆಗೆ ಸಾಲು. ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರ್‌ಗೆ, ಮುಂಚಿನ ವಾರ ಹಾಗೇ. ನಾನು ಹದಿನಾಲ್ಕನೆಯವನು.

ಈಗ ಆ ಕಥೆ. 2013ರ ವಿಧಾನಸಭಾ ಚುನಾವಣೆ. ಆಗಲೂ ನಾನೇ ಕಾರ್ಯದರ್ಶಿ, ಆಗಲೂ ಪಟ್ಟಿ ಕೇಳಿದರು. ಕೊಟ್ಟೆ. ಬ್ಯಾಂಕಿನಲ್ಲಿ 36 ವರ್ಷ ಇದ್ದವನು, ಒಬ್ಬ ಗ್ರಾಹಕರ ಫೋನ್ ನಂಬರನ್ನು ನನ್ನ ಹೆಂಡತಿಗೂ ಹೇಳಿದವನಲ್ಲ. ಆದರೆ ಚರ್ಚಿನ ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟೆ, ನಮ್ಮವರಿಗೆ ಒಳ್ಳೆಯದಾಗಲಿ ಅಂತ. ಆ ಪಾಸ್ಕ ಹಬ್ಬದ ಪೂಜೆಗೆ ಅಭ್ಯರ್ಥಿಯೂ ಬಂದರು. ಪರಮಪ್ರಸಾದ ಅಂದರೆ ನಮಗೆ ಯೇಸುಸ್ವಾಮಿಯ ಶರೀರ, ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಕು. ಅವರು ಅದರ ಸಾಲಿನಲ್ಲಿ ನಿಂತು, ಕೈಗೆ ತೆಗೆದುಕೊಂಡು, ಅಂಗಿ ಜೇಬಿಗೆ ಹಾಕಿಕೊಂಡರು. ಧರ್ಮಪಾಠ ಹೇಳುವ ನಮ್ಮ ಉಪದೇಶಿ ಹಿಂದೆ ಓಡಿ ಹೋಗಿ ಕೈ ಮುಗಿದು ವಾಪಸ್ ಇಸ್ಕೊಂಡರು. ಅದಕ್ಕೆ ಎಲ್ಲರೂ ಬೈದರು. ನಾನೂ ಬೈದೆ.

ಮುಂದಿನ ವಾರ ನಮ್ಮಲ್ಲಿನ ಒಬ್ಬ ವಿಧವೆ ಬಂದರು. ಪಕ್ಷದವರು ಫೋನ್ ಮಾಡಿ "ನಿಮ್ಮ ಯಜಮಾನರಿಗೂ ಹೇಳಿ ಮೇಡಂ" ಅಂತ ಗಂಡನ ಹೆಸರು ಹಿಡಿದು ಹೇಳಿದರಂತೆ. ಆತ ಸತ್ತು ಎಂಟು ತಿಂಗಳಾಗಿತ್ತು, ಪಟ್ಟಿಯಲ್ಲಿ ಹೆಸರು ತೆಗೆದಿರಲಿಲ್ಲ. "ಅವರಿಗೆ ನಮ್ಮ ನಂಬರ್ ಹೇಗೆ ಸಿಕ್ತು ಸಾರ್?" ಅಂತ ಕೇಳಿದರು. ನಾನು "ಗೊತ್ತಿಲ್ಲಮ್ಮ" ಅಂದೆ.

ಜೇಬಿಗೆ ಹಾಕಿಕೊಂಡವರಿಗೆ ಅದು ಏನು ಅಂತ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಹನ್ನೊಂದು ವರ್ಷದಲ್ಲಿ ಎಷ್ಟೋ ಸಲ ಪಾಪನಿವೇದನೆ ಮಾಡಿದ್ದೇನೆ, ಇದೊಂದನ್ನು ಹೇಳಿರಲಿಲ್ಲ. ರಾಜಕೀಯದ ವಿಷಯ, ಪಾಪದ್ದಲ್ಲ ಅಂದುಕೊಂಡಿದ್ದೆ. ಶನಿವಾರ ಹೇಳಿದೆ. ಗುರುಗಳು ಏನಂದರು ಅನ್ನೋದು ಬರೆಯುವುದಲ್ಲ.

ಭಾನುವಾರ

ಗರಿಗಳ ಭಾನುವಾರ, ಪಾಸ್ಕಕ್ಕೆ ಒಂದು ವಾರ ಮುಂಚಿನದು. ಬೆಳಗ್ಗೆ ಗರಿ ಆಶೀರ್ವದಿಸಿ ಮೆರವಣಿಗೆ. ಅಮ್ಮ ಚಿಕ್ಕಮ್ಮನ ತೋಳು ಹಿಡಿದು ನಡೆದಳು, ಇಬ್ಬರದೂ ಹೊಸ ಸೀರೆ.

ಆ ವರ್ಷ ಯೇಸುಸ್ವಾಮಿಯ ಯಾತನೆಯ ಕಥನ ಮಾರ್ಕನ ಶುಭಸಂದೇಶದ್ದು. ಓದುವಾಗ ಗುಂಪಿನ ಮಾತುಗಳನ್ನು ಜನರೇ ಹೇಳಬೇಕು. "ಅವನನ್ನು ಶಿಲುಬೆಗೇರಿಸಿ" ಅಂತ ಬಂದಾಗ ನನ್ನ ಪಕ್ಕದಲ್ಲಿ ಭಾಮೈದನ ದನಿ ಎಲ್ಲರಿಗಿಂತ ಮೇಲೆ ಹೋಯಿತು. ಘೋಷಣೆ ಕೂಗಿ ಅಭ್ಯಾಸ. ಮುಂದಿನ ಸಾಲಿನವರು ತಿರುಗಿ ನೋಡಿದರು. ಎರಡನೇ ಸಲ ಬಂದಾಗ ಅವನು ಬಾಯಿ ಮಾತ್ರ ಆಡಿಸಿದ. ಆಮೇಲೆ ಬಂದ ಸಾಲು, ರೋಮನ್ ಅಧಿಪತಿ ಪಿಲಾತನು ಜನರನ್ನು ಮೆಚ್ಚಿಸಬೇಕೆಂದು, ಯೇಸುವಿನ ಬದಲು ಸೆರೆಯಲ್ಲಿದ್ದ ಬರಬ್ಬನನ್ನು ಬಿಟ್ಟುಕೊಟ್ಟ. ಎಷ್ಟು ಸಲ ಕೇಳಿದ್ದೆನೋ. ಪಿಲಾತ ಕೆಟ್ಟವನು ಅಂತ ಮಾರ್ಕ ಬರೆಯುವುದಿಲ್ಲ. ಮೆಚ್ಚಿಸಬೇಕಿತ್ತು, ಅಷ್ಟೇ.

ಊಟ ಮುಗಿಸಿ ಎರಡಕ್ಕೆ ಹೊರಟೆವು. ಹಾಸನ ದಾಟಿ ಹೊಳೆನರಸೀಪುರದ ಹತ್ತಿರ ಬಂದಾಗ ಹೇಳಿದೆ, "ಪಟ್ಟಿ ಕೊಡಲ್ಲ ಕಣೋ."

"ಹೋದ ಸಲ ಕೊಟ್ಟಿದ್ರಲ್ಲ ಭಾವ."

"ಕೊಟ್ಟಿದ್ದೆ. ಅದಕ್ಕೇ ಕೊಡಲ್ಲ."

ಅವನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಫೋನ್ ಬಂತು. ನೋಡಿದ, ಎತ್ತಲಿಲ್ಲ. ಎರಡನೇ ಸಲ ಬಂದಾಗ ಬೋರಲು ಹಾಕಿದ. ಅದು ಶಾಲಿನ ಮೇಲೆ ಗುರುಗುಟ್ಟುತ್ತಾ ಇತ್ತು.

ಹಿಂದಿನ ಸೀಟಿನಲ್ಲಿ ಅಮ್ಮ ಗರಿ ಸೀಳಿ ಪುಟ್ಟ ಶಿಲುಬೆ ಹೆಣೆಯುತ್ತಿದ್ದಳು. ಮಾತು ಬದಲಿಸಲು ಭಾಮೈದ ಅವಳ ಕಡೆ ಕನ್ನಡಿ ತಿರುಗಿಸಿದ. "ಅಮ್ಮ, ಈ ಸಲ ನೀವು ಬೂತಿಗೆ ಬರೋದೇ ಬೇಡ. ವಯಸ್ಸಾದೋರಿಗೆ ಮನೆಗೇ ಬಂದು ಓಟು ಹಾಕಿಸ್ಕೊಳ್ತಾರೆ."

"ಹೋದ ವರ್ಷಾನೂ ಹಂಗೇ ಅಂದೆ. ಆಗ 80 ಆಗಿರ್ಬೇಕು ಅಂದ್ರು, ನಂಗೆ 79. ಈಗ 80 ಆಯ್ತು. 85 ಮಾಡ್ಬಿಟ್ಟಿದಾರಂತೆ, ನಿನ್ನೆ ನನ್ನ ತಂಗಿ ಹೇಳಿದ್ಲು."

ಭಾಮೈದ ನನ್ನ ಕಡೆ ನೋಡಿದ. ನಿಜ, ಅದೇ ತಿಂಗಳು ನಿಯಮ ಬದಲಾಗಿತ್ತು.

"ನಾನು ಹತ್ರ ಹೋದಂಗೆಲ್ಲ ಅವರು ದೂರ ಹೋಗ್ತಾರೆ" ಅಂದಳು ಅಮ್ಮ. "ನಡ್ಕೊಂಡೇ ಬರ್ತೀನಿ ಬಿಡು. ಆ ಗರಿ ಇನ್ನೊಂದು ಕೊಡು ಇಲ್ಲಿ."